ನಾಲ್ಕನೆಯ ಕಂಬದ 214

ಪ್ರಶ್ನೆ: ಲಕ್ಷ್ಮೇಶ್ವರದಲ್ಲಿ ನಮ್ಮ ಮುತ್ತಜ್ಜನ ಕಾಲದ ಮಣ್ಣಿನ ಮಾಳಿಗೆಯ ಮನೆ ಇದೆ. ಪಡಸಾಲೆಯಲ್ಲಿ ನಾಲ್ಕು ಸಾಗವಾನಿ ಕಂಬಗಳು, ಒಂಬತ್ತು ಇಂಚು ಚೌಕ. ಹೋದ ಮಳೆಗಾಲದಲ್ಲಿ ಮಾಳಿಗೆ ಸೋರಿದ್ದರಿಂದ ಹೆದರಿ ಒಬ್ಬ ಎಂಜಿನಿಯರರನ್ನು ಕರೆಸಿದೆವು. ಅವರು ಕಾಂಕ್ರೀಟ್ ಪರೀಕ್ಷೆಯ ಅಲ್ಟ್ರಾಸೌಂಡ್ ಯಂತ್ರ ತಂದು, ಎದೆಮಟ್ಟದಲ್ಲಿ ಕಂಬದ ಎರಡು ಬದಿಗೆ ಒತ್ತಿ, 160, 154, 163, 214 ಮೈಕ್ರೋಸೆಕೆಂಡ್ ಎಂದು ಬರೆದುಕೊಂಡರು. ವೇಗ ಸೆಕೆಂಡಿಗೆ 3 ಕಿಲೋಮೀಟರಿಗಿಂತ ಕಡಿಮೆ ಇರುವುದರಿಂದ ನಾಲ್ಕೂ ಕಂಬ ಸಂದೇಹಾಸ್ಪದ, ಮನೆ ಇಳಿಸುವುದು ಒಳ್ಳೆಯದು ಎಂದರು. ನಮ್ಮ ಬಡಿಗೇರ ಅಜ್ಜ ಕೊಡತಿಯಿಂದ ಬಾರಿಸಿ ನೋಡಿ, ಇನ್ನೂ ನೂರು ವರ್ಷ ಅಲುಗಾಡುವುದಿಲ್ಲ ಎಂದರು. ಯಾರ ಮಾತು ನಂಬಬೇಕು? ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದಂತೆ ಕಂಬದ ಒಳಗಿನ ಚಿತ್ರವನ್ನೇ ತೆಗೆಯಲು ಆಗುವುದಿಲ್ಲವೇ? ಎರಡು ವರ್ಷದ ಹಿಂದೆ ಪಡಸಾಲೆಗೆ ಟೈಲ್ಸ್ ಹಾಕಿಸಿದ್ದು ಬಿಟ್ಟರೆ ಮನೆಗೆ ಬೇರೆ ಏನೂ ಮಾಡಿಸಿಲ್ಲ. ನಾಲ್ಕನೆಯ ಕಂಬ ಬಚ್ಚಲುಮನೆಯ ಗೋಡೆಯ ಪಕ್ಕದಲ್ಲಿದೆ.

ಉತ್ತರ: ಇಬ್ಬರನ್ನೂ ಅರ್ಧರ್ಧ ನಂಬಿ. ಎಂಜಿನಿಯರರ ಅಳತೆ ತಪ್ಪಲ್ಲ, ಅವರು ತೆರೆದ ಕೋಷ್ಟಕ ತಪ್ಪು. ಬಡಿಗೇರ ಅಜ್ಜನ ಕಿವಿಯೂ ಸರಿಯಾಗಿಯೇ ಇದೆ, ಆದರೆ ಆ ಕಿವಿಗೆ ಕೇಳಿಸದ ಜಾಗಗಳು ಮನೆಯಲ್ಲಿ ಕೆಲವಿವೆ. ನಿಮ್ಮ ಹಾಳೆಯ ನಾಲ್ಕು ಸಂಖ್ಯೆಗಳು ಶಬ್ದ ಕಂಬದ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಲು ಹಿಡಿದ ಸಮಯ, ಒಂದು ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಅವುಗಳಲ್ಲಿ ಮೂರನ್ನು ನೋಡಿ ನನಗೆ ಸಮಾಧಾನವಾಯಿತು. ನಾಲ್ಕನೆಯದು ಮನೆ ಇಳಿಸುವಂಥದ್ದಲ್ಲ, ಆದರೆ ಎದ್ದು ಹೋಗಿ ನೋಡಬೇಕಾದದ್ದು.

ಮೊದಲು ಆ 3 ಕಿಲೋಮೀಟರಿನ ವಿಷಯ. ಕಾಂಕ್ರೀಟಿನ ಶಬ್ದವೇಗಕ್ಕೆ ಭಾರತೀಯ ಮಾನಕ 13311ರ ಮೊದಲ ಭಾಗದಲ್ಲಿ (1992) ಒಂದು ಕೋಷ್ಟಕವಿತ್ತು. 2018ರಲ್ಲಿ ಆ ಮಾನಕದ ಜಾಗಕ್ಕೆ ಹೊಸದು ಬಂತು, ಆದರೆ ನಿಮ್ಮ ಎಂಜಿನಿಯರರ ಮಾತು ಹಳೆಯ ಕೋಷ್ಟಕದ್ದೇ. ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ಹೆಚ್ಚಾದರೆ ಅತ್ಯುತ್ತಮ, 3.5ರಿಂದ 4.5 ಉತ್ತಮ, 3ರಿಂದ 3.5 ಸಾಧಾರಣ, ಅದಕ್ಕಿಂತ ಕೆಳಗೆ ಸಂದೇಹಾಸ್ಪದ. ಸಿವಿಲ್ ಎಂಜಿನಿಯರರಿಗೆಲ್ಲ ಇದು ಬಾಯಿಪಾಠ. ಕಾಂಕ್ರೀಟಿಗೆ ದಿಕ್ಕು ಎಂಬುದಿಲ್ಲ. ಅಡ್ಡ ಅಳೆಯಿರಿ, ಉದ್ದ ಅಳೆಯಿರಿ, ವೇಗ ಹೆಚ್ಚುಕಡಿಮೆ ಒಂದೇ. ಮರ ಹಾಗಲ್ಲ. ಹೊಲದಲ್ಲಿ ಕಟ್ಟಿಟ್ಟ ಕಣಿಕೆಯ ಸಿವುಡನ್ನು ನೆನಪಿಸಿಕೊಳ್ಳಿ. ದಂಟಿನ ಒಂದು ತುದಿಯಲ್ಲಿ ತಟ್ಟಿದರೆ ಪೆಟ್ಟು ಆ ದಂಟನ್ನೇ ಹಿಡಿದು ಇನ್ನೊಂದು ತುದಿಗೆ ನೆಟ್ಟಗೆ ಓಡುತ್ತದೆ. ಅಡ್ಡಲಾಗಿ ತಟ್ಟಿದರೆ ದಂಟಿನಿಂದ ದಂಟಿಗೆ ಹಾರುತ್ತ, ನಡುನಡುವಿನ ಪೊಳ್ಳನ್ನು ದಾಟುತ್ತ ಸುಸ್ತಾಗುತ್ತದೆ. ಮರದ ನಾರೂ ಇಂಥದೇ ಸಿವುಡು. ಒಣಗಿದ ಒಳ್ಳೆಯ ಮರದಲ್ಲಿ ನಾರಿನ ಉದ್ದಕ್ಕೆ ಶಬ್ದ ಸೆಕೆಂಡಿಗೆ 4ರಿಂದ 6 ಕಿಲೋಮೀಟರ್ ಓಡುತ್ತದೆ. ಅಡ್ಡಲಾಗಿ 1ರಿಂದ 2 ಕಿಲೋಮೀಟರ್ ಮಾತ್ರ. ನಿಮ್ಮ ಎಂಜಿನಿಯರರು ಅಳೆದದ್ದು ಅಡ್ಡಲಾಗಿ. ಒಂಬತ್ತು ಇಂಚನ್ನು, ಅಂದರೆ ಸುಮಾರು 230 ಮಿಲಿಮೀಟರನ್ನು, 160 ಮೈಕ್ರೋಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 1.44 ಕಿಲೋಮೀಟರ್ ಬರುತ್ತದೆ. ಉಳಿದ ಎರಡು 1.49 ಮತ್ತು 1.41. ಅಡ್ಡ ಅಳತೆಗೆ ಇವು ಆರೋಗ್ಯವಂತ ಮರದ ಸಂಖ್ಯೆಗಳೇ. ಕಾಂಕ್ರೀಟಿನ ಕೋಷ್ಟಕ ಹಿಡಿದು ಹೊರಟರೆ ಕಾಡಿನಿಂದ ಇಂದು ಬೆಳಿಗ್ಗೆ ಇಳಿದ ದಾಂಡೇಲಿಯ ದಿಮ್ಮಿಯನ್ನೂ ಕೆಡವಬೇಕಾದೀತು.

ಮರಕ್ಕೆ ಇಂಥ ಒಂದು ಸಾರ್ವತ್ರಿಕ ಕೋಷ್ಟಕ ಮಾಡುವುದು ಕಷ್ಟ. ಸಾಗವಾನಿ ಬೇರೆ, ಮತ್ತಿ ಬೇರೆ, ಬೇವು ಬೇರೆ. ಒಂದೇ ಕಂಬದಲ್ಲೂ ತಿರುಳಿನಿಂದ ಹೊರಕ್ಕೆ ಹೋಗುವ ದಿಕ್ಕಿನ ವೇಗ ಹೆಚ್ಚು, ವರ್ಷದ ಉಂಗುರಗಳನ್ನು ಸವರಿಕೊಂಡು ಹೋಗುವ ದಿಕ್ಕಿನ ವೇಗ ಕಡಿಮೆ. ತೇವ ಬೇರೆ ತನ್ನ ಪಾಲು ಕೇಳುತ್ತದೆ: ಒಣ ಮರದ ತೇವಾಂಶ ಶೇ. 1ರಷ್ಟು ಏರಿದರೆ ವೇಗ ಶೇ. 0.5ರಿಂದ 1ರಷ್ಟು ಇಳಿಯುತ್ತದೆ. ಆದ್ದರಿಂದ ನಮ್ಮ ಕಸುಬಿನಲ್ಲಿ ಮರವನ್ನು ಪುಸ್ತಕದ ಸಂಖ್ಯೆಯೊಂದಿಗೆ ಹೋಲಿಸುವುದಿಲ್ಲ, ಅದರೊಂದಿಗೇ ಹೋಲಿಸುತ್ತೇವೆ. ಅದೇ ಕಂಬದ ಮೇಲ್ಭಾಗದೊಂದಿಗೆ ಕೆಳಭಾಗವನ್ನು, ಒಂದು ಕಂಬದೊಂದಿಗೆ ಅದರ ಜೊತೆಯ ಕಂಬವನ್ನು. ನಿಮ್ಮ ನಾಲ್ಕು ಕಂಬಗಳು ಒಂದೇ ಗಾಡಿಯಲ್ಲಿ ಬಂದು ಒಂದೇ ಬಡಿಗೇರನ ಕೈಯಲ್ಲಿ ಆಕಾರ ಪಡೆದಿರುವ ಸಂಭವ ಹೆಚ್ಚು. ಮೂವರು ಅಣ್ಣತಮ್ಮಂದಿರು 160ರ ಆಸುಪಾಸಿನಲ್ಲಿದ್ದಾರೆ, ನಾಲ್ಕನೆಯವನು 214. ಹೋಲಿಕೆಯಿಂದ ಏಳುವ ಪ್ರಶ್ನೆ ಇದೊಂದೇ.

ಈ 214 ಏನು ಹೇಳುತ್ತಿದೆ? ಮೂರಕ್ಕಿಂತ ಶೇ. 35ರಷ್ಟು ಹೆಚ್ಚು ಸಮಯ. ಒಳಗೆ ಪೊಳ್ಳಾಗಿದೆ ಎಂದು ತಟ್ಟನೆ ಹೇಳಬಹುದು, ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಶಬ್ದ ಮರದಿಂದ ಗಾಳಿಗೆ ಇಳಿಯುವುದಿಲ್ಲ ಎಂದೇ ತಿಳಿಯಿರಿ. ಮರಕ್ಕೂ ಗಾಳಿಗೂ ಇರುವ ಸಾಂದ್ರತೆ ಮತ್ತು ವೇಗದ ಅಂತರ ಅಷ್ಟು ದೊಡ್ಡದು, ಬಹುತೇಕ ಎಲ್ಲ ಶಕ್ತಿಯೂ ಗಡಿಯಿಂದ ಹಿಂದಿರುಗುತ್ತದೆ. ಹಾಗಾಗಿ ಪೊಳ್ಳು ಎದುರಾದರೆ ಶಬ್ದ ಅದರ ಅಂಚನ್ನು ಬಳಸಿಕೊಂಡು ಆಚೆ ಸೇರುತ್ತದೆ, ಊರ ಕೆರೆಯನ್ನು ಏರಿಯ ಮೇಲಿಂದ ಸುತ್ತಿ ಹೋದ ಹಾಗೆ. ಕಂಬದ ಅಗಲದ ಅರ್ಧದಷ್ಟು ವ್ಯಾಸದ ದುಂಡು ಪೊಳ್ಳು ನಟ್ಟನಡುವೆ ಇದೆ ಎಂದುಕೊಳ್ಳಿ. ಸುತ್ತಿ ಹೋಗುವ ದಾರಿ ನೇರ ದಾರಿಗಿಂತ ಎಷ್ಟು ಉದ್ದ? ಶೇ. 13 ಮಾತ್ರ. ಅರ್ಧ ಕಂಬ ಪೊಳ್ಳಾದರೂ 160 ಇದ್ದದ್ದು 181 ಆದೀತು, ಅಷ್ಟೇ. 214 ಬರಬೇಕಾದರೆ ಅಗಲದ ಶೇ. 80ರಷ್ಟು ಪೊಳ್ಳಾಗಿರಬೇಕು, ಅಂದರೆ ಒಂದು ಇಂಚಿನ ಗೋಡೆ ಮಾತ್ರ ಉಳಿದಿರಬೇಕು. ಅಂಥ ಕಂಬವನ್ನು ಕೊಡತಿಯಿಂದ ಬಾರಿಸಿದರೆ ಡೋಲು ಬಾರಿಸಿದಂತೆ ಕೇಳುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ಬಿರುಕು ಪತ್ತೆ ಮಾಡುತ್ತಾರಲ್ಲ, ಬಡಿಗೇರ ಅಜ್ಜನಿಗೆ ಇದು ತಿಳಿಯದೇ ಇರಲು ಸಾಧ್ಯವೇ ಇಲ್ಲ.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ನಡುವೆ ಅರ್ಧ ಅಗಲದ ಪೊಳ್ಳಿದ್ದರೆ ಕಂಬದ ಅಡ್ಡಕೊಯ್ತದಲ್ಲಿ ಶೇ. 20ರಷ್ಟು ಮರ ಹೋಗಿರುತ್ತದೆ. ಅದೇ ಗಾತ್ರದ ತೊಲೆಯಾದರೆ ಬಾಗುವಿಕೆಯನ್ನು ತಡೆಯುವ ಬಲದಲ್ಲಿ ಕಳೆದುಹೋಗುವುದು ಶೇ. 4ಕ್ಕಿಂತ ಕಡಿಮೆ, ಏಕೆಂದರೆ ಬಾಗುವಾಗ ದುಡಿಯುವುದು ಹೊರಮೈ, ನಡುಮೈ ಅಲ್ಲ. ಒಳಗೆ ಪೊಳ್ಳು ಎಂದ ಕೂಡಲೇ ಎದೆ ಒಡೆದುಕೊಳ್ಳಬೇಕಾಗಿಲ್ಲ. ಹಳೆಯ ಕಾಲದವರು ಒಂಬತ್ತು ಇಂಚಿನ ಸಾಗವಾನಿ ಕಂಬ ನಿಲ್ಲಿಸಿದ್ದು ಲೆಕ್ಕ ಹಾಕಿ ಅಲ್ಲ, ಕಣ್ಣಂದಾಜಿನಲ್ಲಿ, ಧಾರಾಳವಾಗಿ. ಇಂದಿನ ಎಚ್ಚರಿಕೆಯ ಲೆಕ್ಕದಲ್ಲೂ ಗಟ್ಟಿ ಇರುವ ಅಂಥ ಕಂಬ 20 ಟನ್ನಿಗಿಂತ ಹೆಚ್ಚು ಹೊರಬಲ್ಲದು. ಅದರ ಪಾಲಿಗೆ ಬರುವ ಮಾಳಿಗೆಯ ಭಾರ ಸಾಮಾನ್ಯವಾಗಿ ಅದರಲ್ಲಿ ಅರ್ಧವೂ ಇರುವುದಿಲ್ಲ.

ಹಾಗಾದರೆ 214 ಎಲ್ಲಿಂದ ಬಂತು? ನನಗೆ ಮೂರು ಅನುಮಾನಗಳಿವೆ.

ಮೊದಲನೆಯದು ಯಂತ್ರದ್ದೇ. ಕಾಂಕ್ರೀಟಿನ ಸಾಮಾನ್ಯ ಯಂತ್ರ 54 ಕಿಲೋಹರ್ಟ್ಸ್ ಕಂಪನದಲ್ಲಿ, ಅಂದರೆ ಸೆಕೆಂಡಿಗೆ 54 ಸಾವಿರ ಅಲೆಗಳ ಲೆಕ್ಕದಲ್ಲಿ, ಕೆಲಸ ಮಾಡುತ್ತದೆ. ಒಂದು ಅಲೆಗೆ 18.5 ಮೈಕ್ರೋಸೆಕೆಂಡ್. ಆಚೆ ಬದಿಯ ಸಂವೇದಕಕ್ಕೆ ಬಂದ ಸಂಕೇತ ಒಂದು ನಿಗದಿತ ಮಟ್ಟ ದಾಟಿದ ಕ್ಷಣ ಯಂತ್ರ ಗಡಿಯಾರ ನಿಲ್ಲಿಸುತ್ತದೆ. ಸಂಕೇತ ಬಲವಾಗಿದ್ದರೆ ಮೊದಲ ಅಲೆಯೇ ಆ ಮಟ್ಟ ದಾಟುತ್ತದೆ. ಸಂಕೇತ ಕುಗ್ಗಿದ್ದರೆ ಮೊದಲ ಅಲೆ ಮಟ್ಟದ ಕೆಳಗೇ ನುಸುಳಿ ಹೋಗುತ್ತದೆ, ಗಡಿಯಾರ ನಿಲ್ಲುವುದು ಎರಡನೆಯ ಅಥವಾ ಮೂರನೆಯ ಅಲೆಗೆ. ಎರಡು ಅಲೆ ತಪ್ಪಿದರೆ 37 ಮೈಕ್ರೋಸೆಕೆಂಡ್. ನಿಮ್ಮ 214ರಲ್ಲಿ ಅದನ್ನು ಕಳೆದು ನೋಡಿ, 177. ಕಥೆ ಆಗಲೇ ಅರ್ಧ ಬದಲಾಯಿತು.

ಇದು ನನಗೆ ಪುಸ್ತಕದಿಂದ ಬಂದ ಜ್ಞಾನವಲ್ಲ. ಬಹಳ ವರ್ಷಗಳ ಹಿಂದೆ ಧಾರವಾಡದ ಒಂದು ಹಳೆಯ ಮನೆಯಲ್ಲಿ ಬೆಳಿಗ್ಗೆ ಒಂದು ಕಂಬ ಅಳೆದೆ, 171 ಬಂತು. ಮನೆಯವರು ಬಡಿಸಿದ ರೊಟ್ಟಿ, ಎಣ್ಣೆಗಾಯಿ ಮುಗಿಸಿ ಬಂದು ಅದೇ ಸೀಮೆಸುಣ್ಣದ ಗುರುತಿನ ಮೇಲೆ ಇಟ್ಟರೆ 190. ಊಟದ ಹೊತ್ತಿನಲ್ಲಿ ಕಂಬ ಕೊಳೆಯುವುದುಂಟೇ? ಕಂಬಕ್ಕೆ ವರ್ಷವರ್ಷ ಬಳಿದ ಎಣ್ಣೆಬಣ್ಣದ ಪದರ ದಪ್ಪ ಚಕ್ಕೆಯಾಗಿ ನಿಂತಿತ್ತು, ಬೆಳಿಗ್ಗೆ ಒತ್ತಿದ ಒತ್ತಡಕ್ಕೆ ಅದು ಒಳಗೊಳಗೇ ಎದ್ದು ಕೂದಲೆಳೆಯಷ್ಟು ಗಾಳಿ ಸೇರಿಕೊಂಡಿತ್ತು. ಸಂಕೇತ ಕುಗ್ಗಿತು, ಯಂತ್ರ ಒಂದು ಅಲೆ ತಪ್ಪಿಸಿಕೊಂಡಿತು. 19 ಮೈಕ್ರೋಸೆಕೆಂಡಿನ ಅಂತರ ನೋಡಿದಾಗ ತಲೆಗೆ ಹೊಳೆಯಬೇಕಿತ್ತು. ಹೊಳೆದದ್ದು ಸಂಜೆ, ಹುಬ್ಬಳ್ಳಿಯ ಬಸ್ಸಿನಲ್ಲಿ ಕುಳಿತ ಮೇಲೆ. ಅಂದಿನಿಂದ ಅಲೆಯ ಗೆರೆಯನ್ನೇ ತೋರಿಸದ, ಬರೀ ಸಂಖ್ಯೆ ಉಗುಳುವ ಯಂತ್ರವನ್ನು ಮರದ ಕೆಲಸಕ್ಕೆ ಮುಟ್ಟಿಲ್ಲ.

ಸಂಕೇತ ಸಂಸ್ಕರಣೆ ಎಂಬ ದೊಡ್ಡ ಹೆಸರಿನ ವಿದ್ಯೆ ನೆರವಿಗೆ ಬರುವುದು ಇಲ್ಲಿ. ಪರದೆಯ ಮೇಲೆ ಗೆರೆ ಮೊದಲು ಸಪಾಟಾಗಿ ಸಾಗುತ್ತದೆ, ಸಣ್ಣಗೆ ನಡುಗುತ್ತದೆ, ಆಮೇಲೆ ಒಂದರ ಹಿಂದೆ ಒಂದು ಅಲೆ ಎದ್ದು ದೊಡ್ಡದಾಗುತ್ತ ಹೋಗಿ ನಿಧಾನವಾಗಿ ಅಡಗುತ್ತದೆ. ಆ ಸಣ್ಣ ನಡುಕ ನಿಜವಾದ ಮೊದಲ ಅಲೆಯೋ, ಪಕ್ಕದ ಕೋಣೆಯ ಮಿಕ್ಸರ್ ಎಬ್ಬಿಸಿದ ಗದ್ದಲವೋ? ಇದನ್ನು ತಿಳಿಯಲು ಒಂದೇ ಜಾಗದಲ್ಲಿ 64 ಬಾರಿ ಶಬ್ದ ಕಳಿಸಿ ಎಲ್ಲ ಗೆರೆಗಳ ಸರಾಸರಿ ತೆಗೆಯುತ್ತೇವೆ. ನಿಜವಾದ ಅಲೆ ಪ್ರತಿ ಬಾರಿಯೂ ಅದೇ ಕ್ಷಣಕ್ಕೆ ಬರುವುದರಿಂದ ಉಳಿಯುತ್ತದೆ. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರುವುದರಿಂದ ಒಂದನ್ನೊಂದು ಅಳಿಸಿಕೊಂಡು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. 64ರ ವರ್ಗಮೂಲ ಎಂಟು, ಅಷ್ಟೇ ಗುಟ್ಟು. ಆಮೇಲೆ ಬೇಡದ ಕಂಪನಗಳನ್ನು ಸೋಸಿ, ಅಲೆ ಬಂದ ಕ್ಷಣವನ್ನು ಹುಡುಕುತ್ತೇವೆ. ಅದಕ್ಕೆ ನಿಗದಿತ ಮಟ್ಟಕ್ಕಿಂತ ಜಾಣ ಉಪಾಯವೊಂದಿದೆ, ಅಕೈಕೆ ಎಂಬ ಜಪಾನಿ ಸಂಖ್ಯಾಶಾಸ್ತ್ರಜ್ಞರ ಸೂತ್ರದಿಂದ ಬಂದದ್ದು. ಗೆರೆಯನ್ನು ಎಲ್ಲಿ ಎರಡಾಗಿ ಸೀಳಿದರೆ ಹಿಂದಿನ ತುಂಡು ಬರೀ ಗದ್ದಲವೆಂದೂ ಮುಂದಿನ ತುಂಡು ಬರೀ ಅಲೆಯೆಂದೂ ಚೆನ್ನಾಗಿ ಬೇರೆಯಾಗುತ್ತವೋ ಅದೇ ಅಲೆ ಬಂದ ಕ್ಷಣ. ಕಂಪ್ಯೂಟರ್ ಎಲ್ಲ ಬಿಂದುಗಳಲ್ಲೂ ಸೀಳಿ ನೋಡಿ ಒಳ್ಳೆಯದನ್ನು ಆರಿಸುತ್ತದೆ.

ಸಮಯದ ಜೊತೆಗೆ ಅಲೆಯ ಎತ್ತರವನ್ನೂ ನೋಡಬೇಕು. ಕೊಳೆತ ಈಗತಾನೇ ಶುರುವಾದ ಮರದಲ್ಲಿ ವೇಗ ಇನ್ನೂ ಹೆಚ್ಚು ಇಳಿದಿರುವುದಿಲ್ಲ, ಆದರೆ ಅಲೆ ಸೊರಗಿರುತ್ತದೆ, ಅದರಲ್ಲೂ ಹೆಚ್ಚಿನ ಕಂಪನಗಳು ಮೊದಲು ಸಾಯುತ್ತವೆ. ಎತ್ತರವನ್ನು ಕುರುಡಾಗಿ ನಂಬುವಂತಿಲ್ಲ, ಸಂವೇದಕವನ್ನು ಒತ್ತಿದ ಕೈಯ ಬಲಕ್ಕೂ ಅದು ಬದಲಾಗುತ್ತದೆ. ಹಾಗಾಗಿ ಹೆಚ್ಚಿನ ಕಂಪನ ಎಷ್ಟು, ಕಡಿಮೆ ಕಂಪನ ಎಷ್ಟು ಎಂಬ ಅನುಪಾತ ನನಗೆ ಹೆಚ್ಚು ಇಷ್ಟ. ಕೈ ಸ್ವಲ್ಪ ಸಡಿಲವಾದರೂ ಅನುಪಾತ ಅಷ್ಟಾಗಿ ಸುಳ್ಳು ಹೇಳುವುದಿಲ್ಲ.

ಎರಡನೆಯ ಅನುಮಾನ ಸೀಳು. ಹಳೆಯ ಕಂಬಗಳು ಒಣಗುವಾಗ ಉದ್ದಕ್ಕೂ ಸೀಳು ಬಿಡುತ್ತವೆ. ಅದರಿಂದ ಭಾರ ಹೊರುವ ಶಕ್ತಿಗೆ ಹೆಚ್ಚು ಕೇಡಿಲ್ಲ, ಆದರೆ ಶಬ್ದದ ದಾರಿಗೆ ಅಡ್ಡಲಾಗಿ ಸೀಳು ಇದ್ದರೆ ಕೂದಲೆಳೆಯಷ್ಟು ಗಾಳಿಯೂ ಗೋಡೆಯಂತೆ ನಿಲ್ಲುತ್ತದೆ. ಪರೀಕ್ಷೆ ಸುಲಭ: ಕಂಬವನ್ನು ಪೂರ್ವ-ಪಶ್ಚಿಮ ಅಳೆದ ಮೇಲೆ ಉತ್ತರ-ದಕ್ಷಿಣ ಅಳೆಯಿರಿ. ಒಂದೇ ದಿಕ್ಕಿನಲ್ಲಿ ತಡವಾದರೆ ಸೀಳು, ಎರಡೂ ದಿಕ್ಕಿನಲ್ಲಿ ತಡವಾದರೆ ಯೋಚಿಸಬೇಕು. ನಿಮ್ಮ ಹಾಳೆಯಲ್ಲಿ ಪ್ರತಿ ಕಂಬಕ್ಕೂ ಒಂದೇ ಅಳತೆ ಇದೆ. ಒಂದು ಅಳತೆಯ ಮೇಲೆ ಮನೆ ಇಳಿಸುವ ಮಾತಾಡಿದ್ದು ಮಾತ್ರ ನನಗೆ ಸರಿ ಕಾಣಲಿಲ್ಲ.

ಮೂರನೆಯದಕ್ಕೆ ಬರುವ ಮುನ್ನ ಸ್ಕ್ಯಾನಿಂಗಿನ ಪ್ರಶ್ನೆ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಬಳಸುವುದು ಸೆಕೆಂಡಿಗೆ ಹಲವು ದಶಲಕ್ಷ ಕಂಪನಗಳ ಶಬ್ದ. ನಮ್ಮ ಮಾಂಸ ಬಹುಮಟ್ಟಿಗೆ ನೀರು, ಎಲ್ಲ ಕಡೆಯೂ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್, ಪ್ರತಿಧ್ವನಿಯಿಂದ ಚಿತ್ರ ಕಟ್ಟುವುದು ಸಲೀಸು. ಅಷ್ಟು ಸಣ್ಣ ಅಲೆಯನ್ನು ಮರಕ್ಕೆ ಕಳಿಸಿದರೆ ನಾರು, ರಂಧ್ರಗಳ ನಡುವೆ ಚದುರಿ ಕೆಲವೇ ಸೆಂಟಿಮೀಟರಿನಲ್ಲಿ ಸತ್ತುಹೋಗುತ್ತದೆ. ಆದ್ದರಿಂದ ಕಂಪನವನ್ನು ಹತ್ತಾರು ಕಿಲೋಹರ್ಟ್ಸಿಗೆ ಇಳಿಸುತ್ತೇವೆ. ಅದಕ್ಕೆ ತೆರುವ ಬೆಲೆ ಎಂದರೆ ಅಲೆ ದೊಡ್ಡದಾಗುತ್ತದೆ: ನಿಮ್ಮ ಕಂಬದಲ್ಲಿ 54 ಕಿಲೋಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 27 ಮಿಲಿಮೀಟರ್, ಒಂದು ಇಂಚಿಗಿಂತ ತುಸು ಹೆಚ್ಚು. ಕುಟ್ಟೆ ಹುಳು ಕೊರೆದ ಎರಡು ಮಿಲಿಮೀಟರಿನ ತೂತು ಅದಕ್ಕೆ ಕಾಣುವುದೇ ಇಲ್ಲ. ನೂರಾರು ತೂತು ಸೇರಿ ಮರ ಹಿಟ್ಟಾದಾಗ ಮಾತ್ರ ಗೊತ್ತಾಗುತ್ತದೆ.

ಕಂಬದ ಸುತ್ತ ಎಂಟೋ ಹನ್ನೆರಡೋ ಸಂವೇದಕ ಕಟ್ಟಿ, ಪ್ರತಿಯೊಂದರಿಂದ ಉಳಿದೆಲ್ಲದಕ್ಕೂ ಶಬ್ದ ಕಳಿಸಿ, ಆ ಸಮಯಗಳಿಂದ ಒಳಗಿನ ಬಣ್ಣದ ನಕ್ಷೆ ಬಿಡಿಸುವ ಪದ್ಧತಿ ಇದೆ. ಟೊಮೊಗ್ರಫಿ ಎನ್ನುತ್ತಾರೆ, ರಸ್ತೆ ಬದಿಯ ದೊಡ್ಡ ಮರಗಳ ತಪಾಸಣೆಗೆ ಬಹಳ ಉಪಯೋಗ. ಮನೆಯ ಕಂಬಕ್ಕೂ ಆಗುತ್ತದೆ. ಆದರೆ ಗೋಡೆಗೆ ಅಂಟಿದ ಕಂಬದ ಸುತ್ತ ಸಂವೇದಕ ಕಟ್ಟಲು ಜಾಗವಿರುವುದಿಲ್ಲ. ಮರದ ದಿಕ್ಕುಭೇದವನ್ನು ಲೆಕ್ಕಕ್ಕೆ ಹಿಡಿಯದ ತಂತ್ರಾಂಶವಾದರೆ ಗಟ್ಟಿ ಮರದ ನಡುವೆಯೂ ಕೆಂಪು ಕಲೆ ಬಿಡಿಸಿಟ್ಟು ಹೆದರಿಸುತ್ತದೆ. ಬಣ್ಣದ ಚಿತ್ರ ನೋಡಿದವರು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ ಎಂಬುದು ನನ್ನ ಹಳೆಯ ತಕರಾರು. ನಿಮ್ಮ ನಾಲ್ಕು ಕಂಬಗಳಿಗೆ ಅಷ್ಟು ಖರ್ಚು ಬೇಡ.

ಈಗ ಮೂರನೆಯ ಅನುಮಾನ. ನನ್ನ ಮಟ್ಟಿಗೆ ಇದೇ ಬಲವಾದದ್ದು, ಮತ್ತು ಇದರ ಸುಳಿವು ಯಂತ್ರದ ಹಾಳೆಯಲ್ಲಿಲ್ಲ, ನಿಮ್ಮ ಪತ್ರದ ಕೊನೆಯ ಎರಡು ಸಾಲಿನಲ್ಲಿದೆ. ಹಳೆಯ ಮನೆಗಳಲ್ಲಿ ಕಂಬವನ್ನು ನೆಲದಲ್ಲಿ ಹೂಳುತ್ತಿರಲಿಲ್ಲ, ಅಡಿಗಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ನೆಲದ ತೇವ ಕಲ್ಲಿನಲ್ಲೇ ನಿಲ್ಲಲಿ, ಮರಕ್ಕೆ ಏರದಿರಲಿ ಎಂದು. ನೀವು ಟೈಲ್ಸ್ ಹಾಕಿಸಿದಾಗ ಹಳೆಯ ನೆಲ ಅಗೆಯದೆ ಅದರ ಮೇಲೇ ಸಿಮೆಂಟು ಸುರಿದಿದ್ದರೆ ನೆಲ ಮೂರು ನಾಲ್ಕು ಇಂಚು ಏರಿ, ಅಡಿಗಲ್ಲು ಮುಚ್ಚಿ, ಕಂಬದ ಪಾದವೂ ಸಿಮೆಂಟಿನೊಳಗೆ ಸೇರಿರುತ್ತದೆ. ಪಕ್ಕದಲ್ಲಿ ಬಚ್ಚಲು. ಮರ ಕೊಳೆಸುವ ಶಿಲೀಂಧ್ರಕ್ಕೆ ಶೇ. 20ಕ್ಕಿಂತ ಹೆಚ್ಚು ತೇವ ಬೇಕು. ಅದನ್ನು ನಾವೇ ತಟ್ಟೆಯಲ್ಲಿಟ್ಟು ಕೊಟ್ಟಂತೆ. ಸಾಗವಾನಿಯ ಚೇಗು ಗಟ್ಟಿಮುಟ್ಟು, ಗೆದ್ದಲಿಗೂ ಬೇಗ ಬಗ್ಗದು, ಆದರೆ ಅದರ ಹೊರಸುತ್ತಿನ ಬಿಳಿ ಭಾಗಕ್ಕೆ ಆ ತಾಕತ್ತಿಲ್ಲ. ಎದೆಮಟ್ಟದಲ್ಲಿ 214 ಬಂದಿರುವುದು ಬರೀ ಮೇಲೇರಿದ ತೇವದಿಂದ ಇರಲಾರದು, ಅಷ್ಟು ದೊಡ್ಡ ಅಂತರ ತೇವವೊಂದರಿಂದಲೇ ಬರುವುದು ಅಪರೂಪ. ತೇವದ ಜೊತೆ ಒಂದು ತಪ್ಪಿದ ಅಲೆಯೋ ಒಂದು ಸೀಳೋ ಸೇರಿದ್ದರೆ ಸಂಖ್ಯೆ ಹೊಂದುತ್ತದೆ.

ಬಡಿಗೇರ ಅಜ್ಜನ ಕಿವಿ ಸೋಲುವ ಜಾಗವೂ ಇದೇ. ಕೊಡತಿಯ ಸದ್ದಿನಲ್ಲಿ ಇಡೀ ಕಂಬ ಮಾತಾಡುತ್ತದೆ, ಸಿಮೆಂಟಿನಲ್ಲಿ ಹೂತ ನಾಲ್ಕು ಇಂಚು ಮಾತಾಡುವುದಿಲ್ಲ. ಗೋಡೆಯೊಳಗೆ ಹೊಕ್ಕ ತೊಲೆಯ ತಲೆಗಳೂ ಅಷ್ಟೇ. ಮಾಳಿಗೆ ಸೋರಿದ ನೀರು ಗೋಡೆಗುಂಟ ಇಳಿದು ಅಲ್ಲೇ ಕುಳಿತಿರುತ್ತದೆ. ನಿಮ್ಮ ಎಂಜಿನಿಯರರು ಕಂಬಗಳನ್ನಷ್ಟೇ ಅಳೆದಿದ್ದಾರೆ. ನಾನಾಗಿದ್ದರೆ ಮೊದಲು ಏಣಿ ಹತ್ತಿ ಸೋರಿದ ಕಡೆಯ ತೊಲೆಗಳ ತಲೆ ನೋಡುತ್ತಿದ್ದೆ. ಅಲ್ಲಿಗೆ ಶಬ್ದಕ್ಕಿಂತ ದಬ್ಬಣ ಒಳ್ಳೆಯದು. ಗೋಡೆಯ ಅಂಚಿನಲ್ಲಿ ದಬ್ಬಣ ಚುಚ್ಚಿ ಎತ್ತಿ ನೋಡಿ: ಗಟ್ಟಿ ಮರವಾದರೆ ಉದ್ದನೆಯ ಸಿಬಿರು ಎದ್ದು ಬರುತ್ತದೆ, ಕೊಳೆತದ್ದಾದರೆ ಬಿಸ್ಕತ್ತಿನಂತೆ ಗಿಡ್ಡಗೆ ಮುರಿಯುತ್ತದೆ. ಅನುಮಾನ ಉಳಿದರೆ ಮೂರು ಮಿಲಿಮೀಟರ್ ತುದಿಯ ಸೂಜಿಯನ್ನು ಓರೆಯಾಗಿ ಗೋಡೆಯೊಳಗಿನ ಮರಕ್ಕೆ ಇಳಿಸಿ, ಅದು ಎಷ್ಟು ತಿಣುಕುತ್ತದೆ ಎಂಬುದನ್ನು ಗೆರೆಯಾಗಿ ಬರೆಯುವ ಉಪಕರಣವಿದೆ. ತೂತು ಕಣ್ಣಿಗೆ ಬೀಳದಷ್ಟು ಸಣ್ಣದು.

ಮಾಳಿಗೆ ಹತ್ತಿದಾಗ ಮಣ್ಣಿನ ದಪ್ಪವನ್ನೂ ಅಳೆದುಬಿಡಿ. ಸೋರಿದಾಗಲೆಲ್ಲ ಮೇಲೆ ಹೊಸ ಮಣ್ಣು ಹಾಕುತ್ತ ಬಂದ ಮನೆಗಳಲ್ಲಿ ಅದು ಒಂದೂವರೆ ಅಡಿ ದಾಟಿದ್ದನ್ನು ನೋಡಿದ್ದೇನೆ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಅರ್ಧ ಟನ್ನಿನಷ್ಟು ತೂಗುತ್ತದೆ.

ಅಳತೆಯನ್ನು ಮತ್ತೊಮ್ಮೆ ಮಾಡಿಸುವುದಾದರೆ ಅದೇ ಎಂಜಿನಿಯರರನ್ನು ಕರೆಯಿರಿ, ಯಂತ್ರವೂ ಅದೇ ಇರಲಿ, ಅಲೆಯ ಗೆರೆ ತೋರಿಸುವ ವ್ಯವಸ್ಥೆ ಇದ್ದರೆ ಸಾಕು. ರೂಪಾಯಿ ನಾಣ್ಯದಷ್ಟು ಅಗಲದಲ್ಲಿ ಬಣ್ಣ ಕೆರೆಸಿ. ಸಂಪರ್ಕಕ್ಕೆ ಹಚ್ಚುವ ಜಿಡ್ಡು ಹಳೆಯ ಮರಕ್ಕೆ ಕಲೆ ಬಿಡುತ್ತದೆ, ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇರಲಿ. ನೆಲದಿಂದ ಅರ್ಧ ಅಡಿಗೆ ಶುರು ಮಾಡಿ ಒಂದೊಂದು ಅಡಿಗೆ ಒಂದು ಅಳತೆ, ಎರಡೂ ದಿಕ್ಕಿನಲ್ಲಿ, ಪ್ರತಿ ಗುರುತಿನಲ್ಲೂ ಸಂವೇದಕ ತೆಗೆದು ಇಟ್ಟು ಮೂರು ಬಾರಿ. ಕಾರಹುಣ್ಣಿಮೆಗೆ ಮುಂಚೆ, ಮರ ಒಣಗಿರುವಾಗ ಮಾಡಿಸಿ. ತೇವಮಾಪಕವನ್ನು ಮಾತ್ರ ಶ್ರಾವಣದಲ್ಲಿ ಹಿಡಿಯಿರಿ, ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದು ಆಗಲೇ. ಕಂಬ ನಿಜಕ್ಕೂ ಸಾಗವಾನಿಯೋ ಎಂಬ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಣ್ಣ ತುಂಡಿನಿಂದಲೇ ಜಾತಿ ಗುರುತಿಸುತ್ತಾರೆ.

ನಾಲ್ಕನೆಯ ಕಂಬದಲ್ಲಿ ಕೆಳಗೆ ಹೋದಂತೆಲ್ಲ ಸಮಯ ಏರುತ್ತ ಹೋದರೆ ಪಾದ ಕೆಟ್ಟಿದೆ ಎಂದೇ ಅರ್ಥ. ಆಗಲೂ ಮನೆ ಇಳಿಸಬೇಕಾಗಿಲ್ಲ. ತೊಲೆಗೆ ಜಾಕ್ ಕೊಟ್ಟು, ಕೆಟ್ಟ ಒಂದೆರಡು ಅಡಿ ಕತ್ತರಿಸಿ, ಒಣಗಿದ ಸಾಗವಾನಿಯ ಹೊಸ ಪಾದ ಬೆಸೆಯುವ ಕೆಲಸ ನಿಮ್ಮ ಬಡಿಗೇರ ಅಜ್ಜನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಭಾರದ ಲೆಕ್ಕವನ್ನು ಎಂಜಿನಿಯರರು ನೋಡಿಕೊಳ್ಳಲಿ. ಇಬ್ಬರೂ ಒಂದೇ ದಿನ ಬರುವಂತೆ ಮಾಡಿ.

ಅದಕ್ಕೂ ಮುಂಚೆ, ನಾಳೆಯೇ ಆದರೂ ಸರಿ, ಆ ಕಂಬದ ಬುಡದ ಎರಡು ಟೈಲ್ಸ್ ಎಬ್ಬಿಸಿ ಅಡಿಗಲ್ಲು ಕಾಣುವವರೆಗೆ ಸಿಮೆಂಟ್ ಕೆತ್ತಿಸಿ. ಒಂದು ವಾರ ಹಾಗೆಯೇ ಗಾಳಿಗೆ ಬಿಟ್ಟು, ಪಾದದ ಫೋಟೊ ತೆಗೆದು ಕಳಿಸಿ.